ಅವ್ಯಾವಹಾರಿಕ

ಬಾದಾಮಿ ಕೋರ್ಟಿನ ಬೇವಿನ ಕಟ್ಟೆ ಮೇಲೆ ಕೂತು
ಕೆರಕಲಮಟ್ಟಿ ವಕೀಲರು ಅವ್ವನಿಗೆ ಒಂದು ಶಬ್ದ ಕಲಿಸಿದರು.
ಅ-ವ್ಯಾ-ವ-ಹಾ-ರಿ-ಕ.
ಎರಡನೇ ಅಕ್ಷರಕ್ಕೇ ಎಡವಿತು ಅವ್ವನ ನಾಲಿಗೆ.
"ಇರ್ಲಿ ಬಿಡ್ರಿ, ಶಬ್ದ ನಾ ಹೇಳ್ತೀನಿ.
ನೀವು ಅದರ ಅರ್ಥ ಅಷ್ಟ ಹೇಳ್ರಿ."

ಅರ್ಥ ಇಷ್ಟು:
ತಂದೆಯ ಸಾಲ ಮಗ ತೀರಿಸಬೇಕು, ಅದು ಧರ್ಮ.
ಆದರೆ ಇಸ್ಪೀಟಿಗೆ, ಸೆರೆಗೆ, ಇನ್ನೊಬ್ಬಾಕೆಯ ಸೀರೆಗೆ
ತಂದ ರೊಕ್ಕವಾದರೆ
ಮಗನ ಪಾಲು ಯಾರೂ ಮುಟ್ಟುವಂತಿಲ್ಲ.
ಅಪ್ಪ ಒಳ್ಳೆಯವನಿದ್ದರೆ ಮನೆ ಹೋಗುತ್ತದೆ,
ಕೆಟ್ಟವನಿದ್ದರೆ ಉಳಿಯುತ್ತದೆ.

ಮನೆ ಅಂದರೆ ಗುಳೇದಗುಡ್ಡದ ಒಂದು ಸಂದಿಯಲ್ಲಿ
ಎರಡು ಕುಣಿಮಗ್ಗ, ಒಂದು ಮಾಳಿಗೆ,
ಖಣದ ನೂಲಿಗೆ ಬಣ್ಣ ಹಾಕಿ ಹಾಕಿ
ನೇರಳೆಯಾದ ಬಚ್ಚಲಗಲ್ಲು.
ಸಾಲ ಅಂದರೆ ಮೂವತ್ತೆಂಟು ಸಾವಿರ, ಬಡ್ಡಿ ಬೇರೆ.
ಕಿಸ್ತೂರಚಂದನ ನೋಟಿನ ಮೇಲೆ
ಸ್ಟಾಂಪು ಮೀರಿ ಹೊರಗೆ ಹರಿದ ಅಪ್ಪನ ಸಹಿ.
ಕಾರಣ: ಘರಖರ್ಚು.

ಆ ರಾತ್ರಿ ಅಣ್ಣಂದಿರು ಅಪ್ಪನಿಗೊಂದು ಚಟ ಹುಡುಕಲು ಕೂತರು.
ಸೆರೆ? ಊರೇ ನಕ್ಕೀತು,
ಚಹಾ ಕೂಡ ಬಸಿಯಲ್ಲಿ ಅರ್ಧ ಕುಡಿದು ಅವ್ವನಿಗೆ ಅರ್ಧ ಸರಿಸಿದವ.
ಇಸ್ಪೀಟು? ರಾಜ ಯಾರು ಗುಲಾಮ ಯಾರು
ಕೊನೆಗೂ ತಿಳಿಯಲಿಲ್ಲ ಅವನಿಗೆ.
ಉಳಿದದ್ದು ಒಂದೇ.
"ಕೆರೂರಾಗ ಒಬ್ಬಾಕಿ ಇದ್ಲು ಅನ್ನೋಣು" ಅಂದ ಪರಪ್ಪಣ್ಣ.
ಆಕೆಗೆ ಹೆಸರು ಹೊಳೆಯದೆ ಇಬ್ಬರೂ ಸುಮ್ಮನಾದಾಗ
ಒಲೆಯ ಮುಂದಿನಿಂದ, ಬೆನ್ನು ತಿರುಗಿಸದೆ,
"ರತ್ನಾಬಾಯಿ ಅನ್ರಿ" ಅಂದಳು ಅವ್ವ.
ಆಮೇಲೆ ಟ್ರಂಕು ತೆಗೆದು
ಮಿರಜಿನ ದವಾಖಾನೆಯ ಚೀಟಿಗಳನ್ನೆಲ್ಲ
ಬಚ್ಚಲ ಒಲೆಗೆ ಹಾಕಿದಳು.
ನೀರು ಕಾಯಲಿಲ್ಲ. ಅಷ್ಟು ಕಾಗದ ಇರಲೂ ಇಲ್ಲ.

ಕಟಕಟೆ ಹತ್ತಿದಳು.
"ನಿಮ್ಮ ಕಣ್ಣಿಲೆ ನೋಡೀರೇನು?"
"ಹೇಣ್ತಿಗೆ ತಿಳೀದಂಗ ಇರತೈತೇನ್ರಿ ಸಾಹೇಬ್ರ."
ಟೈಪ್‌ರೈಟರು ಟಕಟಕ ಅಂದಿತು, ಅಪ್ಪ ಕೆಟ್ಟ.
ಎಡಗೈ ಮಾತ್ರ ಸೆರಗಿನೊಳಗೆ
ಹೊಲಿಗೆಯ ಗುರುತಿನ ಮೇಲೇ ಇತ್ತು, ಇಳಿಯುವತನಕ.
ಕಿಸ್ತೂರಚಂದ ಹೇಳಿದ್ದ ಮಿರಜಿನ ಮಾತನ್ನ.
"ಕಾಗದ ಎಲ್ಲಿ?" ಅಂದರು ನಮ್ಮ ವಕೀಲರು.
ಅವನು ಹೊರಗೆ ಬಂದು ಬಹಳ ಹೊತ್ತು ಚಪ್ಪಲಿ ಹುಡುಕಿದ.
ಕಾಲಲ್ಲೇ ಇದ್ದವು.

ನಾನು ಬಾಗಿಲ ಹತ್ತಿರ ನಿಂತಿದ್ದೆ.
ಹೆಣ್ಣುಮಗಳು, ನನ್ನ ಹೆಸರಿಗೆ ಸಮನ್ಸೂ ಇಲ್ಲ, ಸಾಕ್ಷಿಯೂ ಇಲ್ಲ.
ಒಂಬತ್ತು ವರ್ಷದವಳಿದ್ದಾಗ ಮಿರಜಿನ ವಾರ್ಡಿನಲ್ಲಿ
ಟಿಫಿನ್ ಡಬ್ಬಿ ಹಿಡಿದು ನಿಂತದ್ದು,
ಕೌಂಟರಿನ ಮುಂದೆ ಅಪ್ಪ ಬೆರಳು ತೊಯಿಸಿ ತೊಯಿಸಿ
ಮೂರು ಸಲ ರೊಕ್ಕ ಎಣಿಸಿದ್ದು,
ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂದದ್ದು
ಯಾರೂ ಕೇಳಲಿಲ್ಲ.

ಮನೆ ಉಳಿಯಿತು.
ತೀರ್ಪಿನ ನಕಲು ಅಪ್ಪನ ಫೋಟೋದ ಹಿಂದೆ,
ಮೊಳೆ ಅದೇ ಗಟ್ಟಿ ಅಂತ.
ಸೋಮವಾರಕ್ಕೊಮ್ಮೆ ಗಾಜು ಒರೆಸುತ್ತಾಳೆ.
ನಳದ ಹತ್ತಿರ ಹೆಂಗಸರು ಈಗಲೂ ಕೇಳುತ್ತಾರಂತೆ,
ಕೆರೂರಿನಾಕಿ ಇನ್ನೂ ಅದಾಳೇನು?
"ಸತ್ಲಂತ" ಅಂದುಬಿಟ್ಟಳಂತೆ ಒಮ್ಮೆ.
ಅವತ್ತು ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬಂದದ್ದಕ್ಕೆ
ಸೊಸೆಯಂದಿರು ಮುಖ ಮುಖ ನೋಡಿಕೊಂಡರು.

ಈಗ ಕಾಯ್ದೆ ಬದಲಾಗಿದೆ.
ಪರಪ್ಪಣ್ಣ ಬಾಗಲಕೋಟೆಯಿಂದ ಟೇಪು ತಂದು
ಮನೆ ಅಳೆಯುತ್ತಿದ್ದಾನೆ, ನನಗೂ ಸಮಪಾಲು.
ಟೇಪಿನ ತುದಿ ಹಿಡಿ ಅಂದ, ಹಿಡಿದೆ.
ಕುಣಿಮಗ್ಗದ ಕುಣಿ ಯಾರ ಲೆಕ್ಕಕ್ಕೂ ಬರಲಿಲ್ಲ.

ರಾತ್ರಿ ಮಗ್ಗುಲಲ್ಲಿ ಮಲಗಿದ ಅವ್ವ
ಕತ್ತಲಿಗೆ ಅಂದಂತೆ ಅಂದಳು,
"ಮಿರಜಿಗೆ ಹೋಗಿದ್ದು ನೆನಪೈತೇನು ನಿನಗ?"

ಇಲ್ಲವಾ, ಅಂದೆ.
ಸಣ್ಣಾಕಿ ಇದ್ದೆ.

ಅವಳು ಆ ಕಡೆ ಹೊರಳಿ
ನನಗಿಷ್ಟು ಜಾಗ ಬಿಟ್ಟಳು.